ಹಳೇ ಲ್ಯಾಪ್‌ಟಾಪಿಗೆ ಲಿನಕ್ಸ್: ಮೊದಲು ತಂತ್ರಾಂಶ ಬದಲಿಸಿ, ಆಮೇಲೆ ಸಿಸ್ಟಮ್

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿಯಿತು. ಮರುದಿನ ಬೆಳಿಗ್ಗೆ ಯಾರ ಕಂಪ್ಯೂಟರೂ ಕೆಟ್ಟು ಕೂರಲಿಲ್ಲ. ನಿಂತದ್ದು, ಹೊಸದಾಗಿ ಪತ್ತೆಯಾಗುವ ಭದ್ರತಾ ದೋಷಗಳಿಗೆ ಮೈಕ್ರೋಸಾಫ್ಟ್ ಕಳಿಸುತ್ತಿದ್ದ ತೇಪೆ. ಹೆಸರು ನೋಂದಾಯಿಸಿಕೊಂಡ ಮನೆ ಬಳಕೆದಾರರಿಗೆ 2026ರ ಅಕ್ಟೋಬರ್‌ವರೆಗೆ ಒಂದು ವರ್ಷದ ಗಡುವು ಸಿಕ್ಕಿತು. ವಿಂಡೋಸ್ 11ಕ್ಕೆ ಹೋಗೋಣವೆಂದರೆ ಅದು ಟಿಪಿಎಂ 2.0 ಎಂಬ ಭದ್ರತಾ ಚಿಪ್ ಕೇಳುತ್ತದೆ. ಇಂಟೆಲ್ ಪ್ರೊಸೆಸರ್ ಆದರೆ ಹೆಚ್ಚುಕಡಿಮೆ ಎಂಟನೇ ತಲೆಮಾರಿನದೋ ಅದಕ್ಕಿಂತ ಹೊಸದೋ ಆಗಿರಬೇಕು ಅನ್ನುತ್ತದೆ. 2016ರಲ್ಲಿ ಕೊಂಡು, ಇವತ್ತಿಗೂ ಚೆನ್ನಾಗಿಯೇ ಓಡುತ್ತಿರುವ ಲ್ಯಾಪ್‌ಟಾಪಿಗೆ ಆ ಪಟ್ಟಿಯಲ್ಲಿ ಜಾಗವಿಲ್ಲ.

ಅಂಥ ಯಂತ್ರಕ್ಕೆ ವಿಂಡೋಸ್ ಬದಲು ಲಿನಕ್ಸ್ ಎಂಬ ಉಚಿತ ಆಪರೇಟಿಂಗ್ ಸಿಸ್ಟಮ್ ಹಾಕಬಹುದೇ? ಹಾಕಬಹುದು. ಎಸ್‌ಎಸ್‌ಡಿ (ತಿರುಗುವ ಭಾಗಗಳಿಲ್ಲದ, ವೇಗದ ಡಿಸ್ಕ್) ಇರುವ ಯಂತ್ರದಲ್ಲಿ ಹಾಕುವ ಕೆಲಸಕ್ಕೆ ಅರ್ಧ ಗಂಟೆಯೂ ಹಿಡಿಯದು. ಆದರೆ ಹಾಕಿಕೊಂಡು ವಾರದೊಳಗೆ ವಿಂಡೋಸಿಗೇ ಮರಳಿದವರನ್ನು ಯಾಕೆ ಎಂದು ಕೇಳಿ ನೋಡಿ. ಲಿನಕ್ಸ್ ಅರ್ಥವಾಗಲಿಲ್ಲ ಎನ್ನುವವರು ಕಡಿಮೆ. "ಪ್ರಿಂಟರ್ ಮಾತಾಡಲಿಲ್ಲ", "ಟ್ಯಾಲಿ ಬರಲಿಲ್ಲ", "ಅಪ್ಪನ ಹಳೇ ನುಡಿ ಫೈಲುಗಳೆಲ್ಲ ಗೀಚು ಗೀಚಾಗಿ ಕಂಡವು" ಎನ್ನುವವರೇ ಹೆಚ್ಚು. ಇವೆಲ್ಲ ಬದಲಿಸುವ ಮುನ್ನವೇ ಪರೀಕ್ಷಿಸಬಹುದಾಗಿದ್ದ ಸಂಗತಿಗಳು. ಆದ್ದರಿಂದ ಈ ಲೇಖನದ ಹೆಚ್ಚಿನ ಪಾಲು ಬದಲಿಸುವುದಕ್ಕೆ ಮುಂಚಿನ ಕೆಲಸಕ್ಕೇ ಹೋಗುತ್ತದೆ.

ಲಿನಕ್ಸ್ ಅಂದರೆ ಯಾವುದು

ಸರಿಯಾಗಿ ಹೇಳಬೇಕೆಂದರೆ ಲಿನಕ್ಸ್ ಒಂದು ಕರ್ನಲ್. ಪ್ರೊಸೆಸರ್, ಮೆಮೊರಿ, ಡಿಸ್ಕ್, ಕೀಲಿಮಣೆಗಳನ್ನು ಸಂಭಾಳಿಸುತ್ತ ಮೇಲಿನ ತಂತ್ರಾಂಶಗಳಿಗೆ ಅವನ್ನು ಹಂಚಿಕೊಡುವ ಒಳಗಿನ ಪದರ. 1991ರ ಆಗಸ್ಟ್ 25ರಂದು ಹೆಲ್ಸಿಂಕಿ ವಿಶ್ವವಿದ್ಯಾಲಯದ 21 ವರ್ಷದ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ ತಾನು ಇಂಥದ್ದೊಂದನ್ನು ಬರೆಯುತ್ತಿರುವುದಾಗಿ ಪ್ರಕಟಿಸಿದ. ಅದಕ್ಕೂ ಎಂಟು ವರ್ಷ ಮೊದಲು, 1983ರಲ್ಲಿ, ರಿಚರ್ಡ್ ಸ್ಟಾಲ್‌ಮನ್ ಗ್ನು ಯೋಜನೆ ಘೋಷಿಸಿ, ಯಾರು ಬೇಕಾದರೂ ಓದಿ ತಿದ್ದಿ ಹಂಚಬಹುದಾದ ಸಲಕರಣೆಗಳನ್ನು ಕಟ್ಟತೊಡಗಿದ್ದರು. 1992ರಲ್ಲಿ ಲಿನಕ್ಸ್ ಕರ್ನಲ್ ಕೂಡ ಗ್ನುವಿನ ಜಿಪಿಎಲ್ ಪರವಾನಗಿಯಡಿ ಬಂತು. ಕೋಡ್ ಪಡೆದು ಬದಲಿಸಿ ಹಂಚುವವರು, ಬದಲಿಸಿದ ಕೋಡನ್ನೂ ಅದೇ ಷರತ್ತಿನಲ್ಲಿ ಕೊಡಬೇಕು ಎಂಬುದು ಆ ಪರವಾನಗಿಯ ತಿರುಳು. ದುಡ್ಡು ಕೊಡಬೇಕಿಲ್ಲ ಎಂಬುದು ಅದರಿಂದ ಬಂದ ಫಲವಷ್ಟೇ.

ನಿಮ್ಮ ಕೈಯಲ್ಲಿರುವುದು ಆಂಡ್ರಾಯ್ಡ್ ಫೋನಾದರೆ ಅದರ ಬುಡದಲ್ಲಿರುವುದೂ ಲಿನಕ್ಸ್ ಕರ್ನಲ್ಲೇ. ಹಾಗಾಗಿ "ಲಿನಕ್ಸ್ ಎಂಜಿನಿಯರುಗಳಿಗೆ ಮಾತ್ರ" ಎಂಬ ಹಳೇ ಮಾತನ್ನು ಪಕ್ಕಕ್ಕಿಡಬಹುದು.

ಕರ್ನಲ್ ಜೊತೆಗೆ ಡೆಸ್ಕ್‌ಟಾಪ್, ಬ್ರೌಸರ್, ಆಫೀಸ್ ತಂತ್ರಾಂಶ, ಅಪ್‌ಡೇಟ್ ವ್ಯವಸ್ಥೆ ಎಲ್ಲ ಜೋಡಿಸಿ ಕೊಡುವ ಕಟ್ಟಿಗೆ ಡಿಸ್ಟ್ರೋ ಎನ್ನುತ್ತಾರೆ. ಡೆಬಿಯನ್, ಫೆಡೋರಾ, ಉಬುಂಟು, ಮಿಂಟ್ ಹೀಗೆ ನೂರಾರಿವೆ. ಯಾವುದು ಒಳ್ಳೆಯದೆಂಬ ಚರ್ಚೆಗೆ ಕೂತರೆ ಸಂಜೆಯಾಗುತ್ತದೆ, ಕಂಪ್ಯೂಟರ್ ಅಲ್ಲೇ ಇರುತ್ತದೆ. ಮನೆಯ ಮೊದಲ ಲಿನಕ್ಸಿಗೆ ನನ್ನ ಓಟು ಲಿನಕ್ಸ್ ಮಿಂಟ್‌ನ ಸಿನಮನ್ ಆವೃತ್ತಿಗೆ. ಎಡಗಡೆ ಕೆಳಗೆ ಮೆನು, ಬಲಗಡೆ ಗಡಿಯಾರ. ವಿಂಡೋಸ್ 7 ಬಳಸಿದ ಕೈಗೆ ಹೊಸದಾಗಿ ಕಲಿಯುವುದು ತೀರಾ ಕಡಿಮೆ. ಅದು ಉಬುಂಟುವಿನ ದೀರ್ಘಾವಧಿ ಆವೃತ್ತಿಯ ಮೇಲೆ ನಿಂತಿದೆ. 2024ರಲ್ಲಿ ಬಂದ ಮಿಂಟ್ 22ಕ್ಕೆ 2029ರವರೆಗೆ ಭದ್ರತಾ ಅಪ್‌ಡೇಟು ಉಂಟು. ಕನಿಷ್ಠ 2 ಜಿಬಿ ರ‍್ಯಾಮ್ ಸಾಕೆಂದು ಅವರು ಬರೆದಿದ್ದರೂ 4 ಜಿಬಿ ಇಲ್ಲದೆ ಇವತ್ತಿನ ಬ್ರೌಸರ್ ನಡೆಯದು. ಯಂತ್ರ ಅಷ್ಟು ಬಡವಾಗಿದ್ದರೆ ಅದೇ ಮಿಂಟ್‌ನ ಎಕ್ಸ್‌ಎಫ್‌ಸಿಇ ಆವೃತ್ತಿ ಹಗುರ.

ಇಲ್ಲಿ ಒಂದು ಮಾತು. ಹಳೇ ಲ್ಯಾಪ್‌ಟಾಪ್ ನಿಧಾನವಾಗಿರುವುದಕ್ಕೆ ಬಹಳ ಸಲ ಕಾರಣ ಅದರೊಳಗೆ ತಿರುಗುವ ಹಾರ್ಡ್ ಡಿಸ್ಕ್. ಲಿನಕ್ಸ್ ಹಾಕಿದರೆ ಸ್ವಲ್ಪ ಚುರುಕಾದೀತು; ಅದನ್ನು ತೆಗೆದು ಎಸ್‌ಎಸ್‌ಡಿ ಹಾಕಿಸಿದರೆ ಯಂತ್ರ ಬೇರೆಯೇ ಆಗುತ್ತದೆ. ಹಳೇ ಡಿಸ್ಕನ್ನು ವಿಂಡೋಸ್ ಸಮೇತ ಹಾಗೇ ಬೀರುವಿನಲ್ಲಿಟ್ಟರೆ ಅದಕ್ಕಿಂತ ಒಳ್ಳೆಯ ಬ್ಯಾಕಪ್ ಇನ್ನೊಂದಿಲ್ಲ.

ವಿಂಡೋಸಿನಲ್ಲೇ ಶುರುಮಾಡಿ

ಒಂದು ತಿಂಗಳ ಮಟ್ಟಿಗೆ ವಿಂಡೋಸ್ ಬಿಡಬೇಡಿ, ಅದರ ಮೇಲಿನ ತಂತ್ರಾಂಶಗಳನ್ನು ಬಿಡಿ. ಎಡ್ಜ್ ಬದಲು ಫೈರ್‌ಫಾಕ್ಸ್, ಎಂಎಸ್ ಆಫೀಸ್ ಬದಲು ಲಿಬ್ರೆ ಆಫೀಸ್, ಹಾಡು ಸಿನಿಮಾಕ್ಕೆ ವಿಎಲ್‌ಸಿ, ಫೋಟೊ ತಿದ್ದಲು ಗಿಂಪ್. ಇವೆಲ್ಲ ವಿಂಡೋಸಿನಲ್ಲೂ ಓಡುತ್ತವೆ, ಲಿನಕ್ಸಿನಲ್ಲೂ ಇವೇ ಇರುತ್ತವೆ. ತಿಂಗಳ ಕೊನೆಗೆ ಕೈ ಇವಕ್ಕೆ ಒಗ್ಗಿದ್ದರೆ ಕೆಳಗಿನ ಸಿಸ್ಟಮ್ ಬದಲಾದದ್ದು ಮನೆಯಲ್ಲಿ ಕೆಲವರಿಗೆ ಗೊತ್ತೂ ಆಗದು. ಒಗ್ಗದಿದ್ದರೆ ನೀವು ಕಳಕೊಂಡದ್ದೇನೂ ಇಲ್ಲ.

ಬ್ರೌಸರಿನಲ್ಲಿ ನಡೆಯುವ ಕೆಲಸಕ್ಕೆ ಚಿಂತೆ ಬೇಡ. ಬ್ಯಾಂಕು, ರೈಲ್ವೆ ಟಿಕೆಟ್ಟು, ಆನ್‌ಲೈನಿನಲ್ಲೇ ತುಂಬುವ ಆದಾಯ ತೆರಿಗೆ ರಿಟರ್ನ್, ಗೂಗಲ್ ಮೀಟ್, ವಾಟ್ಸಾಪ್ ವೆಬ್ ಎಲ್ಲ ಇದ್ದಂತೆಯೇ ಇರುತ್ತವೆ. ಜೂಮ್ ಲಿನಕ್ಸಿಗೆಂದೇ ಬರುತ್ತದೆ. ಆನ್‌ಲೈನ್ ಆಟದಂಗಡಿ ಸ್ಟೀಮ್‌ನ ಆಟಗಳಲ್ಲಿ ದೊಡ್ಡ ಪಾಲು, ಅದರ ಒಡೆಯ ಕಂಪನಿ ವಾಲ್ವ್ 2018ರಲ್ಲಿ ತಂದ ಪ್ರೋಟಾನ್ ಪದರದಿಂದಾಗಿ ಲಿನಕ್ಸಿನಲ್ಲೂ ನಡೆಯುತ್ತವೆ; ವ್ಯಾಲೊರೆಂಟ್‌ನಂತೆ ಕರ್ನಲ್ ಮಟ್ಟದಲ್ಲಿ ಮೋಸ ತಡೆಯುವ ಕಾವಲು ಇಟ್ಟುಕೊಂಡವು ನಡೆಯವು. ಮಗನ ಕಂಪ್ಯೂಟರಾದರೆ ಇದನ್ನು ಮೊದಲೇ ಕೇಳಿಕೊಂಡು ಮುಂದುವರಿಯುವುದು ಮನೆಯ ಶಾಂತಿಗೆ ಒಳ್ಳೆಯದು.

ಸಿಕ್ಕಿಹಾಕಿಕೊಳ್ಳುವುದು ಎಲ್ಲಿ? ಟ್ಯಾಲಿ ಪ್ರೈಮ್ ವಿಂಡೋಸಿನದು. ಫೋಟೋಶಾಪ್, ಕೋರೆಲ್ ಡ್ರಾ, ಡಿಟಿಪಿ ಅಂಗಡಿಗಳಲ್ಲಿ ಇನ್ನೂ ಉಸಿರಾಡುತ್ತಿರುವ ಪೇಜ್‌ಮೇಕರ್ ಯಾವುದಕ್ಕೂ ಲಿನಕ್ಸ್ ಆವೃತ್ತಿ ಇಲ್ಲ. ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್ನಿಗೆ ಕೆಲವು ತಯಾರಕರು ಲಿನಕ್ಸ್ ಡ್ರೈವರ್ ಕೊಡುತ್ತಾರೆ, ಆದರೆ ಸರ್ಕಾರಿ ಪೋರ್ಟಲುಗಳ ಸಹಿ ತಂತ್ರಾಂಶ ಬಹುಮಟ್ಟಿಗೆ ವಿಂಡೋಸನ್ನೇ ನೆಚ್ಚಿಕೊಂಡಿದೆ. ಮ್ಯಾಕ್ರೋ ತುಂಬಿದ ಎಕ್ಸೆಲ್ ಕಡತ ಲಿಬ್ರೆ ಆಫೀಸಿನಲ್ಲಿ ತೆರೆದುಕೊಂಡರೂ ಲೆಕ್ಕ ಕೈಕೊಡಬಹುದು. ವಿಂಡೋಸ್ ತಂತ್ರಾಂಶಗಳನ್ನು ಲಿನಕ್ಸಿನಲ್ಲಿ ಓಡಿಸುವ ವೈನ್ ಎಂಬ ಸಲಕರಣೆ ಉಂಟು; ಚಿಕ್ಕಪುಟ್ಟದಕ್ಕೆ ಪ್ರಯತ್ನಿಸಬಹುದು, ಹೊಟ್ಟೆಪಾಡಿನ ತಂತ್ರಾಂಶವನ್ನು ಅದರ ಮೇಲೆ ನಿಲ್ಲಿಸಬೇಡಿ. ಅಕೌಂಟ್ಸ್ ಬರೆಯುವ ಕಂಪ್ಯೂಟರಿಗೆ ಲಿನಕ್ಸ್ ಹಾಕಬೇಡಿ ಎಂದು ಲಿನಕ್ಸ್ ಅಭಿಮಾನಿಯಾಗಿಯೇ ಹೇಳುತ್ತೇನೆ. ಅದೇ ಮನೆಯ ಇನ್ನೊಂದು ಯಂತ್ರಕ್ಕೆ ಹಾಕಿ.

ಹಳೇ ನುಡಿ ಕಡತಗಳ ಗಂಟು

ಕನ್ನಡದಲ್ಲಿ ಬರೆಯುವವರಿಗೆ ಎಲ್ಲಕ್ಕಿಂತ ದೊಡ್ಡ ತೊಡಕು ಇದು, ಲಿನಕ್ಸ್ ಕೈಪಿಡಿಗಳಲ್ಲಿ ಹುಡುಕಿದರೆ ಸಿಗುವಂಥದ್ದಲ್ಲ.

ಎಲ್ಲ ಭಾಷೆಗಳ ಅಕ್ಷರಗಳಿಗೂ ಪ್ರತ್ಯೇಕ ಸಂಕೇತ ಕೊಡುವ ಯೂನಿಕೋಡ್ ಬಳಕೆಗೆ ಬರುವ ಮುನ್ನ, ಬಂದ ಮೇಲೂ ಬಹುಕಾಲ, ಕನ್ನಡವನ್ನು ಕಂಪ್ಯೂಟರ್ ಕನ್ನಡವಾಗಿ ಉಳಿಸುತ್ತಿರಲಿಲ್ಲ. ನುಡಿ, ಬರಹ, ಶ್ರೀಲಿಪಿ ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೇ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಮನೆಯಲ್ಲಿ ಕನ್ನಡದ ಚಿತ್ರಗಳನ್ನು ಕೂರಿಸಿದ್ದವು. ನುಡಿಯ ಇಂಥ ಹಳೇ ಬಗೆಯ, ಅಂದರೆ ಆಸ್ಕಿ, ಫಾಂಟಿನಲ್ಲಿ ನೀವು ‘ಕ’ ಎಂದು ಟೈಪಿಸಿದಾಗ ಡಿಸ್ಕಿನಲ್ಲಿ ಉಳಿಯುವುದು ಇಂಗ್ಲಿಷಿನ ದೊಡ್ಡ ‘ಪಿ’, ಅದರ ಪಕ್ಕ ನೆತ್ತಿಯ ಮೇಲೆ ಓರೆಗೀಟಿರುವ ದೊಡ್ಡ ‘ಎ’. ಮೊದಲನೆಯದು ಕಕಾರದ ಒಡಲು, ಎರಡನೆಯದು ತಲೆಕಟ್ಟು. ಫಾಂಟ್ ಇರುವವರೆಗೆ ಕಣ್ಣಿಗೆ ಕನ್ನಡ. ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ಒಳಗಿದ್ದದ್ದು ಹೊರಗೆ ಬರುತ್ತದೆ. "ಲಿನಕ್ಸಿನಲ್ಲಿ ಕನ್ನಡ ಬರೋದಿಲ್ಲ" ಎಂಬ ದೂರಿನ ಹಿಂದೆ ಇರುವುದು ಬಹುತೇಕ ಇದೇ. ಹೊಸ ವಿಂಡೋಸ್ ಲ್ಯಾಪ್‌ಟಾಪಿನಲ್ಲಿ ತೆರೆದರೂ ಅದೇ ಗೀಚು ಕಾಣುತ್ತದೆ.

ತತ್ಕಾಲದ ಪರಿಹಾರ ಸುಲಭ. ಹಳೇ ಕಂಪ್ಯೂಟರಿನ ನುಡಿ ಫಾಂಟ್ ಕಡತಗಳನ್ನು ಲಿನಕ್ಸಿಗೆ ನಕಲಿಸಿ, ಎರಡು ಸಲ ಕ್ಲಿಕ್ಕಿಸಿ ಸ್ಥಾಪಿಸಿದರೆ ಲಿಬ್ರೆ ಆಫೀಸಿನಲ್ಲಿ ಹಳೇ ಕಡತ ಓದಲೂ ಮುದ್ರಿಸಲೂ ಬರುತ್ತದೆ. ಹುಡುಕಲು ಮಾತ್ರ ಬರುವುದಿಲ್ಲ. ಶಾಶ್ವತ ಪರಿಹಾರವೆಂದರೆ ಯೂನಿಕೋಡಿಗೆ ಪರಿವರ್ತಿಸುವುದು. ಸಂಚಯ ಬಳಗದ ಆಸ್ಕಿ–ಯೂನಿಕೋಡ್ ಪರಿವರ್ತಕ ಜಾಲತಾಣದಲ್ಲೇ ಸಿಗುತ್ತದೆ. ಪರಿವರ್ತನೆ ಅಕ್ಷರಕ್ಕೆ ಅಕ್ಷರ ಬದಲಿಸುವಷ್ಟು ಸರಳವಲ್ಲ ಎಂಬುದು ತಿಳಿದಿರಲಿ. ‘ಅರ್ಕ’ ಎಂಬ ಪದ ತೆಗೆದುಕೊಳ್ಳಿ. ನುಡಿಯ ಆಸ್ಕಿಯಲ್ಲಿ ಕಣ್ಣಿಗೆ ಕಂಡ ಕ್ರಮದಲ್ಲೇ ಮೊದಲು ಕ, ಆಮೇಲೆ ಅರ್ಕಾವತ್ತು. ಯೂನಿಕೋಡಿನಲ್ಲಿ ಉಚ್ಚಾರದ ಕ್ರಮ: ಮೊದಲು ರ, ಆಮೇಲೆ ಹಲಂತ, ಆಮೇಲೆ ಕ. ಪರಿವರ್ತಕ ಇದನ್ನು ಹಿಂದುಮುಂದು ಮಾಡಿ ಜೋಡಿಸುತ್ತದೆ. ಅದಕ್ಕೆ ತಿಳಿಯದ ಸಂಗತಿ ಒಂದಿದೆ: ನಡುವೆ ನಿಜವಾದ ಇಂಗ್ಲಿಷ್ ಪದಗಳಿದ್ದರೆ ಅವನ್ನೂ ಕನ್ನಡವೆಂದೇ ಬಗೆದು ಏನೇನೋ ಮಾಡಿಬಿಡುತ್ತದೆ. ವಿಳಾಸ, ಇಮೇಲ್, ಪುಸ್ತಕಗಳ ಇಂಗ್ಲಿಷ್ ಹೆಸರುಗಳಿರುವ ಪುಟಗಳನ್ನು ಕಣ್ಣಿಟ್ಟು ಓದಲೇಬೇಕು. ಮೂಲ ಕಡತವನ್ನು ಅಳಿಸಬೇಡಿ.

ಟೈಪಿಂಗ್ ವಿಚಾರಕ್ಕೆ ಬಂದರೆ ನುಡಿ ತಂತ್ರಾಂಶ ಲಿನಕ್ಸಿನಲ್ಲಿಲ್ಲ, ಆದರೆ ಅದರ ಕೀಲಿಮಣೆ ಇದೆ. ಕೆ.ಪಿ. ರಾವ್ ಅವರ ವಿನ್ಯಾಸದಿಂದ ಬಂದು, ಕನ್ನಡ ಗಣಕ ಪರಿಷತ್ತಿನ ನುಡಿಯ ಮೂಲಕ ಕರ್ನಾಟಕದ ಕಚೇರಿ ಕಚೇರಿಗೂ ಹರಡಿದ ಆ ವಿನ್ಯಾಸವನ್ನು ಐಬಸ್ ಎಂಬ ಇನ್‌ಪುಟ್ ವ್ಯವಸ್ಥೆಯ ಪಟ್ಟಿಯಲ್ಲಿ ಕೆಜಿಪಿ ಎಂಬ ಹೆಸರಿನಲ್ಲಿ ಕಾಣಬಹುದು. ಮಿಂಟ್‌ನಲ್ಲಿ ತಂತ್ರಾಂಶ ಮ್ಯಾನೇಜರಿನಿಂದ ಐಬಸ್ ಮತ್ತು ಐಬಸ್-ಎಂ17ಎನ್ ಸ್ಥಾಪಿಸಿ, ಇನ್‌ಪುಟ್ ಮೆಥಡ್ ಎಂಬಲ್ಲಿ ಐಬಸ್ ಆರಿಸಿ, ಒಮ್ಮೆ ಲಾಗೌಟ್ ಆಗಿ ಬಂದು, ಐಬಸ್ ಆಯ್ಕೆಗಳಲ್ಲಿ ಕನ್ನಡ ಸೇರಿಸಿ. ಇನ್‌ಸ್ಕ್ರಿಪ್ಟ್ ಕಲಿತವರಿಗೆ ಅದೂ ಅಲ್ಲೇ ಇದೆ. ಇಂಗ್ಲಿಷ್ ಉಚ್ಚಾರದಂತೆ ಹೊಡೆಯುವವರಿಗೆ ಐಟ್ರಾನ್ಸ್ ಇದೆ. ಬೇರೆ ಬೇರೆ ಲೇಔಟುಗಳ ಪಟ್ಟಿ ನೋಡಿ ಗಾಬರಿಯಾಗಬೇಡಿ, ನಿಮಗೆ ಗೊತ್ತಿರುವ ಒಂದನ್ನು ಹಿಡಿದು ಉಳಿದದ್ದನ್ನು ಮರೆತುಬಿಡಿ.

ಒತ್ತಕ್ಷರ ಸರಿಯಾಗಿ ಮೂಡುತ್ತದೋ ಇಲ್ಲವೋ ಎಂಬ ಅಂಜಿಕೆ ಬೇಡ. ಅಕ್ಷರ ಜೋಡಿಸುವ ಹಾರ್ಫ್‌ಬಜ್ ಎಂಬ ಮುಕ್ತ ತಂತ್ರಾಂಶವೇ ಫೈರ್‌ಫಾಕ್ಸ್, ಕ್ರೋಮ್, ಲಿಬ್ರೆ ಆಫೀಸ್, ಆಂಡ್ರಾಯ್ಡ್ ಎಲ್ಲದರಲ್ಲೂ ದುಡಿಯುತ್ತಿದೆ. ಫೋನಿನಲ್ಲಿ ‘ರಾಷ್ಟ್ರ’, ‘ಸ್ವಾತಂತ್ರ್ಯ’ ಸರಿಯಾಗಿ ಕಂಡರೆ ಇಲ್ಲೂ ಕಾಣುತ್ತವೆ. ಫಾಂಟಿಗೆ ನೋಟೊ ಸಾನ್ಸ್ ಕನ್ನಡ, ನೋಟೊ ಸೆರಿಫ್ ಕನ್ನಡ, ಲೋಹಿತ್ ಕನ್ನಡ ಇವೆ. ವಿಂಡೋಸಿನ ತುಂಗಾ, ನಿರ್ಮಲಾ ಫಾಂಟುಗಳು ಇಲ್ಲಿರುವುದಿಲ್ಲವಾದ್ದರಿಂದ ಅವುಗಳಲ್ಲಿ ಸಿದ್ಧಪಡಿಸಿದ ಕಡತ ತೆರೆದರೆ ಸಾಲು ಜಾರುತ್ತದೆ, ಎಂಟು ಪುಟದ ಲೇಖನ ಒಂಬತ್ತಾಗುತ್ತದೆ. ಪುಟವಿನ್ಯಾಸ ಕೆಡಬಾರದೆಂದಿದ್ದರೆ ಪಿಡಿಎಫ್ ಕಳಿಸಿ. ಇನ್ನೊಂದು: ಲಿಬ್ರೆ ಆಫೀಸ್ ಕನ್ನಡವನ್ನು ‘ಸಂಕೀರ್ಣ ಲಿಪಿ’ಗಳ ಪೈಕಿ ಎಣಿಸುತ್ತದೆ, ಅದಕ್ಕೆ ಫಾಂಟು, ಅಳತೆ ಎಲ್ಲ ಪ್ರತ್ಯೇಕ. ಭಾಷಾ ಆಯ್ಕೆಗಳಲ್ಲಿ ಅದನ್ನು ಚಾಲೂ ಮಾಡದೆ "ಫಾಂಟ್ ಬದಲಿಸಿದರೂ ಬದಲಾಗುತ್ತಿಲ್ಲ" ಎಂದು ಗೊಣಗುವವರು ಬಹಳ.

ಪೆನ್‌ಡ್ರೈವ್‌ನಿಂದ ರುಚಿ ನೋಡುವುದು

ಲಿನಕ್ಸಿನ ಒಂದು ಅನುಕೂಲವೆಂದರೆ ಡಿಸ್ಕನ್ನು ಮುಟ್ಟದೆ ಪೆನ್‌ಡ್ರೈವ್‌ನಿಂದಲೇ ಇಡೀ ಸಿಸ್ಟಮ್ ಓಡಿಸಿ ನೋಡಬಹುದು. ಮಿಂಟ್‌ನ ಜಾಲತಾಣದಿಂದ ಸುಮಾರು 3 ಜಿಬಿಯ ಐಎಸ್‌ಒ ಕಡತ (ಇಡೀ ಸಿಸ್ಟಮ್ಮಿನ ಒಂದೇ ಕಟ್ಟು) ಇಳಿಸಿಕೊಳ್ಳಿ. ಅದರ ಜೊತೆ ಕೊಟ್ಟಿರುವ ಎಸ್‌ಎಚ್‌ಎ256 ಮೊತ್ತವನ್ನು, ಅಂದರೆ ಕಡತದ ಬೆರಳಚ್ಚಿನಂಥ ಸಂಕೇತವನ್ನು, ತಾಳೆ ನೋಡಿ. ಅರ್ಧಕ್ಕೆ ತುಂಡಾದ ಡೌನ್‌ಲೋಡಿನಿಂದ ಆಗುವ ತಲೆನೋವು ಇದರಿಂದ ತಪ್ಪುತ್ತದೆ. ರೂಫಸ್ ಅಥವಾ ಬಲೇನಾ ಎಚ್ಚರ್ ಎಂಬ ತಂತ್ರಾಂಶದಿಂದ ಅದನ್ನು 8 ಜಿಬಿ ಪೆನ್‌ಡ್ರೈವ್‌ಗೆ ಬರೆಯಿರಿ. ಸುಮ್ಮನೆ ಕಾಪಿ-ಪೇಸ್ಟ್ ಮಾಡಿದರೆ ಬೂಟ್ ಆಗುವುದಿಲ್ಲ, ಮತ್ತು ಬರೆಯುವಾಗ ಪೆನ್‌ಡ್ರೈವ್‌ನಲ್ಲಿದ್ದದ್ದೆಲ್ಲ ಅಳಿಸಿಹೋಗುತ್ತದೆ.

ಇದಕ್ಕೂ ಮುಂಚೆ ವಿಂಡೋಸಿನಲ್ಲಿ ಎರಡು ಕೆಲಸ ಬಾಕಿಯಿವೆ. ಡಿಸ್ಕಿನ ಮಾಹಿತಿಗೆ ಬೀಗ ಹಾಕಿಡುವ ಬಿಟ್‌ಲಾಕರ್ ಅಥವಾ ಡಿವೈಸ್ ಎನ್‌ಕ್ರಿಪ್ಷನ್ ಚಾಲೂ ಇದೆಯೇ ನೋಡಿ, ಇದ್ದರೆ ರಿಕವರಿ ಕೀ ಬರೆದಿಟ್ಟುಕೊಳ್ಳಿ. ಬೂಟ್ ಸೆಟ್ಟಿಂಗ್ ಮುಟ್ಟಿದ ಮೇಲೆ ವಿಂಡೋಸ್ ಆ 48 ಅಂಕಿಗಳನ್ನು ಕೇಳಿದರೆ, ಮತ್ತು ನಿಮ್ಮಲ್ಲಿ ಇಲ್ಲದಿದ್ದರೆ, ಆ ಡಿಸ್ಕಿನ ಮಾಹಿತಿ ಹೋದಂತೆಯೇ ಲೆಕ್ಕ. ಎರಡನೆಯದು, ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿ. ಅದು ಆನ್ ಇದ್ದಾಗ ಶಟ್‌ಡೌನ್ ಎಂದರೆ ಪೂರ್ತಿ ಶಟ್‌ಡೌನ್ ಅಲ್ಲ, ಅರೆನಿದ್ದೆ. ಆ ಸ್ಥಿತಿಯಲ್ಲಿ ವಿಂಡೋಸ್ ಡಿಸ್ಕಿಗೆ ಬರೆಯಲು ಲಿನಕ್ಸ್ ಒಪ್ಪದು.

ಆಮೇಲೆ ಕಂಪ್ಯೂಟರ್ ಆನ್ ಮಾಡುವಾಗ ಬೂಟ್ ಮೆನು ಕೀಲಿ ಒತ್ತಬೇಕು. ಡೆಲ್ ಮತ್ತು ಲೆನೊವೊದಲ್ಲಿ ಸಾಮಾನ್ಯವಾಗಿ ಎಫ್12, ಎಚ್‌ಪಿಯಲ್ಲಿ ಎಫ್9, ಏಸುಸ್ ಲ್ಯಾಪ್‌ಟಾಪಿನಲ್ಲಿ ಎಸ್ಕೇಪ್. ಪೆನ್‌ಡ್ರೈವ್ ಆರಿಸಿದರೆ ಮಿಂಟ್ ಡೆಸ್ಕ್‌ಟಾಪ್ ತೆರೆದುಕೊಳ್ಳುತ್ತದೆ. ಸಹಿಯಿಲ್ಲದ ಸಿಸ್ಟಮ್ ಶುರುವಾಗದಂತೆ ತಡೆಯುವ ಸೆಕ್ಯೂರ್ ಬೂಟ್ ಆನ್ ಇದ್ದರೂ ಮಿಂಟ್ ಬೂಟ್ ಆಗುತ್ತದೆ.

ಇಲ್ಲಿ ಅವಸರ ಬೇಡ. ವೈಫೈ ಹಿಡಿಯುತ್ತದೆಯೇ, ಸ್ಪೀಕರ್, ಮೈಕ್, ಕ್ಯಾಮೆರಾ, ಬ್ಲೂಟೂತ್, ಬೆಳಕು ಹೆಚ್ಚುಕಡಿಮೆ ಮಾಡುವ ಕೀಲಿಗಳು, ಮುಚ್ಚಿ ತೆರೆದರೆ ನಿದ್ದೆಯಿಂದ ಏಳುತ್ತದೆಯೇ ನೋಡಿ. ಕೆಲವು ಬ್ರಾಡ್‌ಕಾಮ್, ರಿಯಲ್‌ಟೆಕ್ ವೈಫೈ ಚಿಪ್ಪುಗಳಿಗೆ ಡ್ರೈವರ್ ಬೇರೆ ಬೇಕು, ಡ್ರೈವರ್ ತರಲು ಇಂಟರ್ನೆಟ್ ಬೇಕು. ಫೋನನ್ನು ಕೇಬಲ್ಲಿನಿಂದ ಜೋಡಿಸಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿದರೆ ಲಿನಕ್ಸ್ ಅದನ್ನು ತಂತಿ ಇಂಟರ್ನೆಟ್ ಎಂದೇ ಒಪ್ಪಿಕೊಳ್ಳುತ್ತದೆ, ಗಂಟು ಬಿಡುತ್ತದೆ.

ಪ್ರಿಂಟರ್ ಪರೀಕ್ಷೆಯನ್ನು ಮಾತ್ರ ತಪ್ಪಿಸಬೇಡಿ. ಈಚಿನ ವೈಫೈ ಪ್ರಿಂಟರುಗಳಲ್ಲಿ ಹೆಚ್ಚಿನವು ಡ್ರೈವರ್ ಇಲ್ಲದೆಯೇ ತಾವಾಗಿ ಕಾಣಿಸಿಕೊಳ್ಳುತ್ತವೆ. ಕಷ್ಟವಿರುವುದು ನಮ್ಮಲ್ಲಿ ಮನೆ, ಜೆರಾಕ್ಸ್ ಅಂಗಡಿಗಳಲ್ಲಿ ಬೇರೂರಿರುವ ಹಳೇ ಲೇಸರ್ ಯಂತ್ರಗಳಲ್ಲಿ. ಎಚ್‌ಪಿ ಲೇಸರ್‌ಜೆಟ್ 1020ಗೆ ಪ್ರತಿ ಸಲ ಆನ್ ಆದಾಗ ಕಂಪ್ಯೂಟರಿನಿಂದಲೇ ಫರ್ಮ್‌ವೇರ್ (ಪ್ರಿಂಟರಿನ ಒಳ ತಂತ್ರಾಂಶ) ಹೋಗಬೇಕು. ಎಚ್‌ಪಿಲಿಪ್ ಎಂಬ ಕಟ್ಟಿನ ಹೆಚ್ಚುವರಿ ಪ್ಲಗಿನ್ ಹಾಕಿದರೆ ನಡೆಯುತ್ತದೆ. ಕ್ಯಾನನ್ ಎಲ್‌ಬಿಪಿ 2900 ತನ್ನದೇ ಗುಟ್ಟಿನ ಭಾಷೆಯಲ್ಲಿ ಮಾತಾಡುವಂಥದ್ದು, ಲಿನಕ್ಸಿನಲ್ಲಿ ಅದನ್ನು ಒಲಿಸಿಕೊಳ್ಳುವುದು ಹೊಸಬರ ಕೆಲಸವಲ್ಲ.

ಹಾಕುವುದು

ಎಲ್ಲ ಸರಿಕಂಡರೆ ಬ್ಯಾಕಪ್. ಫೋಟೊ, ಕಾಗದಪತ್ರ, ಬ್ರೌಸರಿನ ಬುಕ್‌ಮಾರ್ಕು, ಪಾಸ್‌ವರ್ಡು ಎಲ್ಲ ಹೊರಗಿನ ಡಿಸ್ಕಿಗೆ ಹೋಗಲಿ, ಅಲ್ಲಿಂದ ಒಂದೆರಡು ಕಡತ ತೆರೆದೂ ನೋಡಿ.

ಇನ್‌ಸ್ಟಾಲರ್ ಕೇಳುವ ಪ್ರಶ್ನೆಗಳಲ್ಲಿ ಯೋಚಿಸಬೇಕಾದದ್ದು ಒಂದೇ: ವಿಂಡೋಸ್ ಪಕ್ಕದಲ್ಲಿ ಹಾಕಬೇಕೋ, ಡಿಸ್ಕ್ ಅಳಿಸಿ ಹಾಕಬೇಕೋ. ಪಕ್ಕದಲ್ಲಿ ಹಾಕಿದರೆ ಪ್ರತಿ ಸಲ ಆನ್ ಮಾಡಿದಾಗ ಗ್ರಬ್ ಎಂಬ ಮೆನು ಯಾವುದು ಬೇಕೆಂದು ಕೇಳುತ್ತದೆ. ಶುರುವಿಗೆ ಧೈರ್ಯ ಕೊಡುವ ದಾರಿ ಇದು. ಆದರೆ ಎರಡೂ ಇದ್ದಾಗ ಸಣ್ಣದೊಂದು ವಿಚಿತ್ರ ಕಾಣಿಸಿಕೊಳ್ಳಬಹುದು. ವಿಂಡೋಸಿನಲ್ಲಿ ಗಡಿಯಾರ ಐದೂವರೆ ಗಂಟೆ ಹಿಂದೆ ಹೋಗಿರುತ್ತದೆ! ಮದರ್‌ಬೋರ್ಡಿನ ಗಡಿಯಾರದಲ್ಲಿ ಲಿನಕ್ಸ್ ಜಾಗತಿಕ ಸಮಯ ಬರೆಯುತ್ತದೆ, ವಿಂಡೋಸ್ ಅದನ್ನೇ ಭಾರತದ ಸಮಯವೆಂದು ಓದುತ್ತದೆ. ಆ ಗಡಿಯಾರವನ್ನು ಸ್ಥಳೀಯ ಸಮಯದಲ್ಲೇ ಇಡುವಂತೆ ಲಿನಕ್ಸಿಗೆ ಹೇಳಿದರೆ ಸರಿಹೋಗುತ್ತದೆ. ಇನ್‌ಸ್ಟಾಲರಿಗೆ ಡಿಸ್ಕೇ ಕಾಣದಿದ್ದರೆ ಬಯೋಸಿನಲ್ಲಿ (ಕಂಪ್ಯೂಟರ್ ಆನ್ ಆಗುವಾಗ ತೆರೆಯಬಹುದಾದ ಸೆಟ್ಟಿಂಗ್ ಪುಟ) ಸ್ಟೋರೇಜ್ ರೇಡ್ ಕ್ರಮದಲ್ಲಿದೆಯೇ ನೋಡಿ, ಎಎಚ್‌ಸಿಐ ಆಗಿರಬೇಕು. ವಿಂಡೋಸನ್ನೂ ಉಳಿಸಿಕೊಳ್ಳುವವರು ಇದನ್ನು ನೇರವಾಗಿ ಬದಲಿಸಬಾರದು, ವಿಂಡೋಸ್ ಏಳದೆ ಹೋಗಬಹುದು. ತಿಳಿದವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ.

ಆಮೇಲೆ

ವಿಂಡೋಸಿನಿಂದ ಬಂದವರು ಬಿಡಬೇಕಾದ ಮುಖ್ಯ ಅಭ್ಯಾಸ, ಕಂಡ ಜಾಲತಾಣದಿಂದ ತಂತ್ರಾಂಶ ಇಳಿಸಿಕೊಂಡು ‘ನೆಕ್ಸ್ಟ್ ನೆಕ್ಸ್ಟ್’ ಒತ್ತುವುದು. ಇಲ್ಲಿ ತಂತ್ರಾಂಶಗಳು ಡಿಸ್ಟ್ರೋದವರ ಸಹಿ ಹೊತ್ತ ಉಗ್ರಾಣದಿಂದ ಬರುತ್ತವೆ. ತಂತ್ರಾಂಶ ಮ್ಯಾನೇಜರಿನಲ್ಲಿ ಹೆಸರು ಹುಡುಕಿ ಹಾಕಿಕೊಳ್ಳುವುದು. ಅಪ್‌ಡೇಟ್ ಮಾಡಿದಾಗ ಸಿಸ್ಟಮ್ ಜೊತೆಗೆ ಅವೂ ಹೊಸದಾಗುತ್ತವೆ, ಕೆಲಸದ ನಡುವೆ ತಾನಾಗಿ ರೀಸ್ಟಾರ್ಟ್ ಆಗುವ ಕಾಟವಿಲ್ಲ. ಸಿ ಡ್ರೈವ್, ಡಿ ಡ್ರೈವ್ ಇರುವುದಿಲ್ಲ. ನಿಮ್ಮದೆಲ್ಲ ಹೋಮ್ ಎಂಬ ಫೋಲ್ಡರಿನಲ್ಲಿ. ಇಂಗ್ಲಿಷ್ ಕಡತದ ಹೆಸರಿನಲ್ಲಿ ದೊಡ್ಡಕ್ಷರ ಚಿಕ್ಕಕ್ಷರ ಬೇರೆಬೇರೆ ಎಂದೇ ಲೆಕ್ಕ. ಆದೇಶ ಟೈಪಿಸಿ ಕೆಲಸ ಮಾಡಿಸುವ ಟರ್ಮಿನಲ್ ಕಲಿಯಲೇಬೇಕೆಂದಿಲ್ಲ. ಆದರೆ ಎಲ್ಲೋ ಕಂಡ ಆದೇಶವನ್ನು ಅರ್ಥ ತಿಳಿಯದೆ ಅಲ್ಲಿ ಅಂಟಿಸಿ ಪಾಸ್‌ವರ್ಡ್ ಹೊಡೆಯುವುದು ಮಾತ್ರ ಬೇಡ. ವೈರಸ್ಸಿಗಿಂತ ಹೆಚ್ಚಿನ ಹಾನಿ ಅದರಿಂದಾಗುತ್ತದೆ.

ಮೊದಲ ದಿನವೇ ಮಿಂಟ್‌ನ ಟೈಮ್‌ಶಿಫ್ಟ್ ತೆರೆದು ಸಿಸ್ಟಮ್ಮಿನ ಆಗಿನ ಸ್ಥಿತಿಯ ಒಂದು ಸ್ನ್ಯಾಪ್‌ಶಾಟ್ ತೆಗೆದಿಡಿ. ಯಾವುದೋ ಡ್ರೈವರ್ ಹಾಕಿ ಪರದೆ ಕಪ್ಪಾದರೆ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ ಹಿಂದಿನ ಸ್ಥಿತಿಗೆ ಮರಳಬಹುದು. ಇದು ಸಿಸ್ಟಮ್ಮಿನ ಬ್ಯಾಕಪ್ ಮಾತ್ರ. ಫೋಟೊಗಳದ್ದು ಬೇರೆಯೇ ಮಾಡಬೇಕು.

ಪೂರ್ತಿ ವಿಂಡೋಸಿಗೆ ವಾಪಸ್ ಹೋಗಬೇಕಾಗಿ ಬಂದರೂ ಬಾಗಿಲು ತೆರೆದೇ ಇರುತ್ತದೆ. ಲ್ಯಾಪ್‌ಟಾಪಿನ ಜೊತೆ ಬಂದ ವಿಂಡೋಸ್ 10ರ ಪರವಾನಗಿ ಸಾಮಾನ್ಯವಾಗಿ ಆ ಯಂತ್ರದ ಮದರ್‌ಬೋರ್ಡಿಗೆ ಕಟ್ಟಿಕೊಂಡಿರುತ್ತದೆ, ಡಿಸ್ಕ್ ಅಳಿಸಿದರೆ ಹೋಗುವುದಿಲ್ಲ. ಮತ್ತೆ ಹಾಕಿ ಇಂಟರ್ನೆಟ್ಟಿಗೆ ಜೋಡಿಸಿದರೆ ತಾನೇ ಸಕ್ರಿಯವಾಗುತ್ತದೆ. ಆದರೆ ವಿಂಡೋಸ್ ಪೆನ್‌ಡ್ರೈವ್ ತಯಾರಿಸುವ ಮೈಕ್ರೋಸಾಫ್ಟಿನ ಮೀಡಿಯಾ ಕ್ರಿಯೇಷನ್ ಟೂಲ್ ಓಡುವುದು ವಿಂಡೋಸಿನಲ್ಲಿ ಮಾತ್ರ. ಹಾಗಾಗಿ ಡಿಸ್ಕ್ ಅಳಿಸುವ ಮುಂಚೆಯೇ ಇನ್ನೊಂದು ಪೆನ್‌ಡ್ರೈವ್ ಕೊಂಡು ಅದನ್ನು ಮಾಡಿಟ್ಟುಕೊಳ್ಳಿ.